ಗಿರಾಕಿಯೂ ಅವಳೇ, ಏಜೆಂಟೂ ಅವಳೇ

1963ರ ಡಿಸೆಂಬರ್ 10ರ ಸಂಜೆ ಅಮೆರಿಕದ ಸಿಬಿಎಸ್ ವಾರ್ತೆಯಲ್ಲಿ, ಹಣೆ ಮುಚ್ಚುವಂತೆ ಕೂದಲು ಬಿಟ್ಟ ನಾಲ್ವರು ಇಂಗ್ಲಿಷ್ ಗಾಯಕರ ಬಗ್ಗೆ ಒಂದು ವರದಿ ಬಂತು. ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಅದನ್ನು ನೋಡಿದ 15 ವರ್ಷದ ಶಾಲಾ ಹುಡುಗಿಯೊಬ್ಬಳು, ಇಂಥ ಹಾಡು ನಮಗೇಕೆ ಸಿಗುವುದಿಲ್ಲ ಎಂದು ವಾಷಿಂಗ್ಟನ್‌ನ ಡಬ್ಲ್ಯುಡಬ್ಲ್ಯುಡಿಸಿ ರೇಡಿಯೋಗೆ ಕಾಗದ ಬರೆದಳು. ನಿಲಯದ ನಿರೂಪಕ ಕ್ಯಾರೊಲ್ ಜೇಮ್ಸ್ ಆ ಕಾಗದವನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಬ್ರಿಟಿಷ್ ವಿಮಾನದ ಗಗನಸಖಿಯೊಬ್ಬರ ಕೈಯಲ್ಲಿ ರೆಕಾರ್ಡ್ ತರಿಸಿದರು. ಡಿಸೆಂಬರ್ 17ರಂದು ಆ ಹುಡುಗಿಯನ್ನೇ ಮೈಕಿನ ಮುಂದೆ ನಿಲ್ಲಿಸಿ, ಅವಳ ಬಾಯಿಂದಲೇ ಬೀಟಲ್ಸ್ ಹಾಡನ್ನು ಪರಿಚಯ ಮಾಡಿಸಿದರು. ಕೇಳುಗರ ಫೋನು ನಿಲ್ಲಲಿಲ್ಲ. ಅಮೆರಿಕದಲ್ಲಿ ಆ ಹಾಡಿನ ಹಕ್ಕು ಇದ್ದದ್ದು ಕ್ಯಾಪಿಟಲ್ ಕಂಪನಿಗೆ. ಜನವರಿ 13ಕ್ಕೆಂದು ಗೊತ್ತುಮಾಡಿದ್ದ ಬಿಡುಗಡೆಯನ್ನು ಅದು ಡಿಸೆಂಬರ್ 26ಕ್ಕೆ ಹಿಂದೆಳೆದುಕೊಂಡಿತು.

ನಡುವೆ ಇದ್ದದ್ದು ಬರೀ 18 ದಿನ. ಆದರೆ ಅವುಗಳಲ್ಲಿ ಮೊದಲ ಕೆಲವು ಶಾಲೆಗೆ ರಜೆಯ ದಿನಗಳು. ಜನವರಿ ನಡುವಿಗೆ ಬಂದಿದ್ದರೆ ಹುಡುಗಿಯರು ತರಗತಿಯಲ್ಲಿರುತ್ತಿದ್ದರು. ಕ್ರಿಸ್‌ಮಸ್ ಮರುದಿನ ಅವರು ಮನೆಯಲ್ಲಿದ್ದರು, ಪಕ್ಕದಲ್ಲಿ ಟ್ರಾನ್ಸಿಸ್ಟರ್ ಇತ್ತು, ಅಜ್ಜ-ಅತ್ತೆ ಕೊಟ್ಟ ಹಬ್ಬದ ಕಾಸು ಇನ್ನೂ ಖರ್ಚಾಗಿರಲಿಲ್ಲ. ಫೆಬ್ರುವರಿ 1ರ ಹೊತ್ತಿಗೆ ಹಾಡು ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಒಂಬತ್ತನೇ ತಾರೀಕು ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಬೀಟಲ್ಸನ್ನು ನೋಡಿದವರು 7 ಕೋಟಿ 30 ಲಕ್ಷ ಮಂದಿ.

ವ್ಯಾಪಾರದ ಪಾಠ ಹೇಳುವವರು ಈ ಕಥೆಯಲ್ಲಿ ಕ್ಯಾಪಿಟಲ್ ಕಂಪನಿಯ ಜಾಹೀರಾತು ಖರ್ಚನ್ನು, ಗೋಡೆಗೋಡೆಗೆ ಅಂಟಿಸಿದ ಸ್ಟಿಕ್ಕರುಗಳನ್ನು ಕೊಂಡಾಡುತ್ತಾರೆ. ನನಗೆ ಕಾಣುವುದು ಬೇರೆ. ಅದೇ ಕಂಪನಿ ಅದಕ್ಕೂ ಮೊದಲು ಬೀಟಲ್ಸ್ ರೆಕಾರ್ಡುಗಳನ್ನು ಒಂದರ ಮೇಲೊಂದು ಬೇಡವೆಂದು ತಳ್ಳಿತ್ತು. ಈ ಸರಕಿಗೆ ಗಿರಾಕಿ ಇದೆ ಎಂದು ಊರಿಗೆ ಮೊದಲು ಸಾರಿದವಳು ಒಬ್ಬ ಶಾಲಾ ಹುಡುಗಿ, ಅದೂ ಬಿಟ್ಟಿ. ಹದಿಹರೆಯದ ಹುಡುಗಿಯರಿಗೆ ಹೊಸ ಆಲ್ಬಮ್ ಮಾರುವ ಇಡೀ ಉದ್ಯಮ ನಿಂತಿರುವುದು ಈ ಬಿಟ್ಟಿ ದುಡಿಮೆಯ ಮೇಲೆ. ಕಂಪನಿಗೆ ಅವಳ ಪರ್ಸಿನ ಕಾಸಿಗಿಂತ ಹೆಚ್ಚು ಬೇಕಾದದ್ದು ಅವಳ ಬಾಯಿ, ಅವಳ ಬೆಂಚು, ಅವಳ ಶಾಲಾ ಬಸ್ಸು.

ಹುಡುಗಿಯೇ ಯಾಕೆ? ಎರಡನೇ ಮಹಾಯುದ್ಧದ ಕಾಲದಲ್ಲೇ ಅಮೆರಿಕದ ವ್ಯಾಪಾರಿಗಳು ಇದಕ್ಕೆ ಉತ್ತರ ಕಂಡುಕೊಂಡಿದ್ದರು. 1944ರ ಸೆಪ್ಟೆಂಬರಿನಲ್ಲಿ 'ಸೆವೆಂಟೀನ್' ಎಂಬ ಮಾಸಪತ್ರಿಕೆ ಶುರುವಾಯಿತು. ಅದರ ಪ್ರಚಾರದ ಹೊಣೆ ಹೊತ್ತಿದ್ದ ಎಸ್ಟೆಲ್ ಎಲ್ಲಿಸ್, ಜಾಹೀರಾತುದಾರರಿಗೆ ತೋರಿಸಲೆಂದೇ 'ಟೀನಾ' ಎಂಬ ಕಾಲ್ಪನಿಕ ಹೈಸ್ಕೂಲು ಹುಡುಗಿಯನ್ನು ಸೃಷ್ಟಿಸಿದರು. ಟೀನಾಳ ಕೈಯಲ್ಲಿ ಕಾಸು ಕಮ್ಮಿ, ಆದರೆ ಆ ಕಾಸಿಗೆ ಮನೆ ಬಾಡಿಗೆ, ದಿನಸಿ ಎಂಬ ಪಾಲುದಾರರಿಲ್ಲ. ಅವಳು ಒಬ್ಬಳೇ ಏನನ್ನೂ ಮಾಡುವುದಿಲ್ಲ. ಗುಂಪಿನಲ್ಲಿ ಒಬ್ಬಳು ಕೊಂಡದ್ದನ್ನು ಉಳಿದವರೂ ಕೊಳ್ಳುತ್ತಾರೆ. ಸಾಲದ್ದಕ್ಕೆ ಅಪ್ಪ ಯಾವ ಕಾರು, ಅಮ್ಮ ಯಾವ ಫ್ರಿಜ್ ಕೊಳ್ಳಬೇಕೆಂಬುದರಲ್ಲೂ ಅವಳ ಮಾತು ನಡೆಯುತ್ತದೆ. ಹಾಗೆಂದು ಪತ್ರಿಕೆಯವರು ಕಂಪನಿಗಳ ಬಾಗಿಲು ಬಾಗಿಲಿಗೆ ಹೋಗಿ ಸಾರಿದರು. ಹದಿಹರೆಯದ ಹುಡುಗಿ ಎಂಬ ಮಾರುಕಟ್ಟೆ ತಾನಾಗಿ ಹುಟ್ಟಿದ್ದಲ್ಲ, ಹೀಗೆ ಕಾಗದದ ಮೇಲೆ ಗೀಚಿ ಮಾಡಿದ್ದು.

ಆ ಪತ್ರಿಕೆ ಬಂದ ಮರುತಿಂಗಳೇ ಟೀನಾಳ ಪ್ರತಾಪವನ್ನು ನ್ಯೂಯಾರ್ಕ್ ಕಣ್ಣಾರೆ ಕಂಡಿತು. ಅಕ್ಟೋಬರ್ 12, ಕೊಲಂಬಸ್ ದಿನದ ರಜೆ. ಪ್ಯಾರಾಮೌಂಟ್ ಥಿಯೇಟರಿನಲ್ಲಿ ಫ್ರಾಂಕ್ ಸಿನಾತ್ರಾ ಹಾಡುವವರಿದ್ದರು. ಒಳಗೆ ಸುಮಾರು 3,600 ಆಸನ, ಹೊರಗೆ ಸುಮಾರು 30,000 ಜನ. ಒಮ್ಮೆ ಟಿಕೆಟ್ ಪಡೆದವರು ದಿನವಿಡೀ ಕೂತು ಎಲ್ಲ ಪ್ರದರ್ಶನಗಳನ್ನೂ ನೋಡಬಹುದಿತ್ತಾದ್ದರಿಂದ ಮೊದಲ ಆಟ ಮುಗಿದ ಮೇಲೆ ಹುಡುಗಿಯರು ಏಳಲೇ ಇಲ್ಲ. ಹೊರಗಿದ್ದವರು ಕಿಟಕಿ ಗಾಜು ಒಡೆದರು. ಸಿನಾತ್ರಾರ ಪ್ರಚಾರಕ ಜಾರ್ಜ್ ಇವಾನ್ಸ್ ಆರಂಭದ ದಿನಗಳಲ್ಲಿ ಕಾಸು ಕೊಟ್ಟು ಕೆಲವು ಹುಡುಗಿಯರನ್ನು ಕಿರುಚಲು, ಮೂರ್ಛೆ ಹೋಗಲು ಕೂರಿಸುತ್ತಿದ್ದುದು ಪ್ರಸಿದ್ಧ ಸಂಗತಿ. 1944ರ ಹೊತ್ತಿಗೆ ಆ ಖರ್ಚೂ ಉಳಿದಿತ್ತು.

ಮುಂದೆ ಎಲ್ವಿಸ್ ಪ್ರೆಸ್ಲಿ. 1956ರಲ್ಲಿ ಅವರ ಹೆಸರಿನಲ್ಲಿ ಬಂದ ಸಾಮಾನುಗಳಲ್ಲಿ ಲಿಪ್‌ಸ್ಟಿಕ್ ಕೂಡ ಒಂದು. ಒಂದೊಂದು ಬಣ್ಣಕ್ಕೂ ಒಂದೊಂದು ಹಾಡಿನ ಹೆಸರು. ಮ್ಯಾನೇಜರ್ ಕರ್ನಲ್ ಪಾರ್ಕರ್ ಎಂಥ ಕಿಲಾಡಿ ಎಂದರೆ, ಎಲ್ವಿಸ್ ಕಂಡರಾಗದವರಿಗೆಂದು 'ನಾನು ಎಲ್ವಿಸ್‌ನನ್ನು ದ್ವೇಷಿಸುತ್ತೇನೆ' ಎಂಬ ಬಿಲ್ಲೆಗಳನ್ನೂ ಮಾಡಿಸಿ ಮಾರಿದರು. ತಂಗಿ ಲಿಪ್‌ಸ್ಟಿಕ್ ಕೊಂಡರೆ ಅಣ್ಣ ಬಿಲ್ಲೆ ಕೊಳ್ಳಲಿ, ಎರಡರ ಕಾಸೂ ಒಂದೇ ಗಲ್ಲಾಪೆಟ್ಟಿಗೆಗೆ. ಇದರ ಪಕ್ಕದಲ್ಲಿ ಬೀಟಲ್ಸ್ ಕಡೆಯವರ ಪೆದ್ದುತನ ನೋಡಬೇಕು. ವಿಗ್ಗು, ಗೊಂಬೆ, ಬ್ಯಾಡ್ಜುಗಳ ಹಕ್ಕನ್ನು ಬೇರೊಬ್ಬರಿಗೆ ವಹಿಸುವಾಗ, ಲಾಭದಲ್ಲಿ ಶೇ 90 ಅವರಿಗೇ ಬಿಟ್ಟು ತಮಗೆ 10 ಸಾಕೆಂದು ಸಹಿ ಹಾಕಿದರು. ಶಾಲಾ ಹುಡುಗಿಯರು ಎಷ್ಟು ಕೊಂಡಾರು ಎಂಬ ಅಸಡ್ಡೆಯೇ ಅದಕ್ಕೆ ಕಾರಣವಿರಬೇಕು.

ಆದರೆ ಈ ವ್ಯಾಪಾರದ ಒಳಗುಟ್ಟು ಅರಿಯಲು ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ 1987ರದು. ಟಿಫನಿ ಎಂಬ ಕ್ಯಾಲಿಫೋರ್ನಿಯಾದ ಗಾಯಕಿಗೆ ಆಗ 15 ವರ್ಷ. ನಿರ್ಮಾಪಕ ಜಾರ್ಜ್ ಟೋಬಿನ್ ಅವಳಿಂದ ಒಂದು ಆಲ್ಬಮ್ ಮಾಡಿಸಿದ್ದರು, ಎಂಸಿಎ ಕಂಪನಿ ಅದನ್ನು ಹೊರತಂದಿತ್ತು. ಮೊದಲು ಬಿಟ್ಟ ಹಾಡನ್ನು ಯಾರೂ ಕೇಳಲಿಲ್ಲ. ಕ್ಲಬ್ಬಿನಲ್ಲಿ ಹಾಡಿಸೋಣವೆಂದರೆ ಹೆಂಡ ಮಾರುವ ಜಾಗಕ್ಕೆ ಅವಳಿಗೂ ಪ್ರವೇಶವಿಲ್ಲ, ಅವಳ ವಯಸ್ಸಿನ ಕೇಳುಗರಿಗೂ ಇಲ್ಲ. ರೇಡಿಯೋದವರು ಬಾಗಿಲು ತೆರೆಯುತ್ತಿಲ್ಲ. ಹಾಗಾದರೆ ಹೈಸ್ಕೂಲು ಹುಡುಗಿಯರು ರಜೆಯಲ್ಲಿ ಎಲ್ಲಿರುತ್ತಾರೆ ಎಂಬ ಪ್ರಶ್ನೆ ಬಂತು. ಆ ಕಾಲದ ಅಮೆರಿಕದಲ್ಲಿ ಇದಕ್ಕೆ ಒಂದೇ ಉತ್ತರ: ಮಾಲ್.

ಊರಾಚೆಯ ಬಡಾವಣೆಗಳಲ್ಲಿ ಬಸ್ಸು ಅಪರೂಪ, ಕಾರು ಓಡಿಸುವ ವಯಸ್ಸು ಇನ್ನೂ ಬಂದಿಲ್ಲ. ಶನಿವಾರ ಬೆಳಿಗ್ಗೆ ಅಮ್ಮ ಮಾಲ್ ಬಾಗಿಲಲ್ಲಿ ಇಳಿಸಿ ಹೋದರೆ ಸಂಜೆ ಬಂದು ಕರೆದೊಯ್ಯುವುದು. ನಡುವಿನ ಹೊತ್ತಿನಲ್ಲಿ ಒಂದು ಐಸ್‌ಕ್ರೀಮು, ನೂರು ಅಂಗಡಿಗಳ ಸುತ್ತಾಟ. ಈ ಪೋರಿಯರ ಎದುರೇ ಟಿಫನಿಯನ್ನು ನಿಲ್ಲಿಸುವುದೆಂದಾಯಿತು. ನ್ಯೂಜೆರ್ಸಿಯ ಪರಾಮಸ್‌ನ ಬರ್ಗನ್ ಮಾಲ್‌ನಿಂದ ಪ್ರವಾಸ ಹೊರಟಿತು. ಅದರ ಉದ್ದನೆಯ ಅಧಿಕೃತ ಹೆಸರಿನಲ್ಲಿ ಸುಂದರವಾದ ನೀನು, ಸುಖದ ಬದುಕಿನ ಸಂಭ್ರಮ ಎಂದೆಲ್ಲ ಇತ್ತು, ಗಾಯಕಿಯ ಹೆಸರೇ ಇರಲಿಲ್ಲ. ಹಾಡುಗಾರಿಕೆ ಅಲ್ಲಿ ಅಂಗಡಿಗಳ ಜಾತ್ರೆಗೆ ಒಂದು ನೆಪ. ಸಣ್ಣ ವೇದಿಕೆ, ಮುದ್ರಿತ ಹಿನ್ನೆಲೆ ಸಂಗೀತ, ವಾದ್ಯದವರಿಲ್ಲ. ಶಾಪಿಂಗ್ ಚೀಲ ಹಿಡಿದು ಎಸ್ಕಲೇಟರ್ ಏರುವವರ ನಡುವೆ, ಒಂದು ಸಲಕ್ಕೆ ಇಪ್ಪತ್ತು ನಿಮಿಷದಂತೆ ದಿನಕ್ಕೆ ಹಲವು ಸಲ ಹಾಡಬೇಕು. ಮೊದಮೊದಲು ನಿಂತು ನೋಡುವವರೇ ಕಮ್ಮಿ.

ನೋಡಿದವರು ಮಾತ್ರ ಸುಮ್ಮನೆ ಮನೆಗೆ ಹೋಗಲಿಲ್ಲ. ಅವಳೂ ತಮ್ಮಂತೆ ಜೀನ್ಸ್ ಜಾಕೆಟ್ ಹಾಕಿದ್ದಾಳೆ, ತಮ್ಮಷ್ಟೇ ವಯಸ್ಸು, ಎರಡು ಮಾರು ದೂರದಲ್ಲಿ ನಿಂತು ಹಾಡಿದ್ದಾಳೆ. ಅಂಥವಳನ್ನು ಕಂಡೆ ಎಂಬುದನ್ನು ಶಾಲೆ ತೆರೆದ ದಿನ ಹೇಳಿಕೊಳ್ಳದೆ ಇರಲಾದೀತೇ? ಟಾಮಿ ಜೇಮ್ಸ್ ಮತ್ತು ಸಂಗಡಿಗರು 1967ರಲ್ಲಿ ಹಾಡಿದ್ದ ಹಳೆಯ ಹಾಡೊಂದನ್ನು ಟಿಫನಿ ಮತ್ತೆ ಹಾಡಿದ್ದಳು. ಒಂದೆರಡು ಊರಿನ ರೇಡಿಯೋದವರು ಅದನ್ನು ಹಾಕಿದ್ದೇ ತಡ, ಇನ್ನೊಮ್ಮೆ ಹಾಕಿ ಎಂದು ಫೋನುಗಳು ಬಂದವು. ನವೆಂಬರಿನಲ್ಲಿ ಹಾಡು ಅಮೆರಿಕದ ಮೊದಲ ಸ್ಥಾನದಲ್ಲಿತ್ತು, 1988ರ ಜನವರಿಯಲ್ಲಿ ಆಲ್ಬಮ್ಮೂ ಅಲ್ಲಿಗೇರಿತು. (ಅವಳ ಹಾಡನ್ನು ಮೊದಲ ಸ್ಥಾನದಿಂದ ಇಳಿಸಿದ್ದು ಬಿಲ್ಲಿ ಐಡಲ್ ಹಾಡಿದ, ಅದೇ ಟಾಮಿ ಜೇಮ್ಸರ ಇನ್ನೊಂದು ಹಳೆಯ ಹಾಡು. ಟಾಮಿ ಜೇಮ್ಸರಿಗೆ ಇಬ್ಬರ ಪುಣ್ಯ.)

ಇಲ್ಲಿ ಗಮನಿಸಬೇಕಾದದ್ದು ಕೆಲಸದ ಹಂಚಿಕೆ. ಮಾಲ್‌ನವರು ಜಾಗ ಕೊಟ್ಟರು, ಕಂಪನಿ ಟೇಪು ಕೊಟ್ಟಿತು, 15 ವರ್ಷದವಳು ಗಂಟಲು ಕೊಟ್ಟಳು. ರೇಡಿಯೋದವರ ಮನಸ್ಸು ತಿರುಗಿಸುವ ಕಷ್ಟದ ಕೆಲಸವನ್ನು ಮಾಡಿದವರು ಕೇಳುಗ ಹುಡುಗಿಯರು. ವೇದಿಕೆಯ ಮೇಲಿದ್ದವಳ ಪಾಡೂ ಸುಖದ್ದಾಗಿರಲಿಲ್ಲ. 1988ರಲ್ಲಿ ಅವಳು ತಾಯಿಯ ಪೋಷಕತ್ವದಿಂದ ತನ್ನನ್ನು ಬಿಡಿಸಿ ಎಂದು ನ್ಯಾಯಾಲಯದ ಮೆಟ್ಟಿಲೇರಿದಳು. ನ್ಯಾಯಾಲಯ ಅದಕ್ಕೆ ಒಪ್ಪದೆ, ಅಜ್ಜಿಯ ಮನೆಯಲ್ಲಿರಲು ಮಾತ್ರ ಅನುಮತಿ ಕೊಟ್ಟಿತು. ಅದೇ ವರ್ಷ ಅವಳ ಕಛೇರಿಗಳಲ್ಲಿ ಅವಳಿಗಿಂತ ಮೊದಲು ಹಾಡಲು ನ್ಯೂ ಕಿಡ್ಸ್ ಆನ್ ದ ಬ್ಲಾಕ್ ಎಂಬ ಹುಡುಗರ ತಂಡವನ್ನು ಸೇರಿಸಿಕೊಂಡಿದ್ದರು. ನೋಡನೋಡುತ್ತ ಹುಡುಗಿಯರೆಲ್ಲ ಆ ಕಡೆ ವಾಲಿದರು. ಕೆಲವೇ ತಿಂಗಳುಗಳಲ್ಲಿ ಅವರಿಗಿಂತ ಮೊದಲು ಹಾಡಿ ಇಳಿಯುವ ಸರದಿ ಟಿಫನಿಯದಾಯಿತು.

1987ರಲ್ಲೇ ನಮ್ಮಲ್ಲಿ 'ಪ್ರೇಮಲೋಕ' ಸಿನಿಮಾದ ಕ್ಯಾಸೆಟ್ಟು ಕಾಲೇಜು ಹುಡುಗ ಹುಡುಗಿಯರನ್ನು ಹುಚ್ಚೆಬ್ಬಿಸಿತ್ತು. ಆದರೆ ಕನ್ನಡದಲ್ಲಿ ಹಾಡನ್ನು ಮಾರುವ ಕೆಲಸವನ್ನು ಸಿನಿಮಾ ಮಾಡುತ್ತದೆ, ಸಿನಿಮಾವನ್ನು ನಾಯಕನಟನ ಮುಖ ಮಾರುತ್ತದೆ. ಗಾಯಕ ಅಥವಾ ಗಾಯಕಿ ತನ್ನ ಹೆಸರನ್ನೇ ಬಂಡವಾಳ ಮಾಡಿಕೊಂಡು ಆಲ್ಬಮ್ ಹಿಡಿದು ಶಾಲಾ ಮಕ್ಕಳ ಮುಂದೆ ನಿಲ್ಲುವ ಪದ್ಧತಿ ಇಲ್ಲಿ ಬೇರೂರಲಿಲ್ಲ.

ಬ್ರಿಟನ್ನಿನವರು ಮಾಲ್ ತನಕವೂ ಹೋಗಲಿಲ್ಲ, ನೇರ ಶಾಲೆಯೊಳಕ್ಕೇ ನುಗ್ಗಿದರು. 1990ರ ದಶಕದ ಆರಂಭದಲ್ಲಿ ಟೇಕ್ ದಟ್ ತಂಡದ ಐವರು ಹುಡುಗರು ಹಗಲು ಶಾಲೆಗಳಲ್ಲಿ, ರಾತ್ರಿ ಕ್ಲಬ್ಬುಗಳಲ್ಲಿ ಹಾಡಿ ಹೆಸರು ಮಾಡಿದರು. ಶಾಲೆಯ ಸಭಾಂಗಣದಲ್ಲಿ ಉಚಿತ ಕಾರ್ಯಕ್ರಮ ಕೊಡುವುದು ಅಲ್ಲಿ ಇಂದಿಗೂ ಹೊಸ ಗಾಯಕರ ಒಂದು ದಾರಿ. ಯಾವ ಹೆಡ್‌ಮಾಸ್ತರರೂ ರೆಕಾರ್ಡ್ ಕಂಪನಿಗೆ ಗೇಟು ತೆರೆಯುವುದಿಲ್ಲ, ಆದ್ದರಿಂದ ಕಾರ್ಯಕ್ರಮಕ್ಕೆ ಒಂದು ಸಂದೇಶದ ಹೊದಿಕೆ ಬೇಕು: ಸಹಪಾಠಿಗಳನ್ನು ಪೀಡಿಸಬೇಡಿ, ಡ್ರಗ್ಸ್ ಮುಟ್ಟಬೇಡಿ. ಐದು ನಿಮಿಷ ಬುದ್ಧಿಮಾತು, ಇಪ್ಪತ್ತೈದು ನಿಮಿಷ ಹಾಡು. ನಮ್ಮ ಹೈಸ್ಕೂಲು ಹೆಣ್ಣುಮಕ್ಕಳಿಗೆ ಈ ಜಾಣ್ಮೆ ಅಪರಿಚಿತವೇನಲ್ಲ. ನ್ಯಾಪ್‌ಕಿನ್ ಕಂಪನಿಯವರು ಆರೋಗ್ಯದ ಉಪನ್ಯಾಸ ಕೊಟ್ಟು ಕೊನೆಗೊಂದು ಪೊಟ್ಟಣ ಹಂಚಿ ಹೋದದ್ದು ಅನೇಕ ತಾಯಂದಿರಿಗೂ ನೆನಪಿರುತ್ತದೆ.

ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಮಾಲ್, ಶಾಲೆ ಎಂಬ ಈ ಎರಡೂ ದಾರಿಗಳನ್ನು ಬೆಸೆದರು. 1998ರ ಬೇಸಿಗೆಯಲ್ಲಿ ಇಬ್ಬರು ನರ್ತಕಿಯರ ಜೊತೆ ಮಾಲ್ ಮಾಲ್ ತಿರುಗಿದರು. ಮೊದಲ ವಿಡಿಯೋಗೆ ನಿರ್ದೇಶಕರು ಕಾರ್ಟೂನಿನ ಥರದ ಕಥೆಯೊಂದನ್ನು ತಂದಾಗ, ಬೇಡ, ಶಾಲೆಯಲ್ಲೇ ತೆಗೆಯೋಣ ಎಂದದ್ದು 16 ವರ್ಷದ ಬ್ರಿಟ್ನಿಯೇ. ಬೇಸರದ ತರಗತಿ, ಗಂಟೆ ಬಾರಿಸುವುದನ್ನು ಕಾಯುವ ಕಣ್ಣು, ಕಾರಿಡಾರಿನ ಕುಣಿತ. ಸಮವಸ್ತ್ರವನ್ನು ಗಂಟು ಹಾಕಿ ಉಟ್ಟ ಬಗೆಯ ಬಗ್ಗೆ ಎದ್ದ ರಂಪ ನ್ಯಾಯವಾದದ್ದೇ, ದೊಡ್ಡವರ ಕಣ್ಣು ಬೇರೆಡೆ ಇತ್ತು. ಆದರೆ ಹುಡುಗಿಯರಿಗೆ ತಾಕಿದ್ದು ಆ ಗಂಟೆ. ಅವರ ದಿನದ ಅತಿ ದೊಡ್ಡ ಆಸೆ ಯಾವುದೆಂದು ಅವರ ವಯಸ್ಸಿನವಳಿಗೆ ಗೊತ್ತಿತ್ತು, ನಿರ್ದೇಶಕರಿಗೆ ಗೊತ್ತಿರಲಿಲ್ಲ.

ಕಿರುಚುವ ಹುಡುಗಿಯರನ್ನು ಹೀಗಳೆಯುವುದು ಹಳೆಯ ಚಾಳಿ. 1964ರಲ್ಲಿ ಇಂಗ್ಲೆಂಡಿನ ಪತ್ರಕರ್ತ ಪಾಲ್ ಜಾನ್ಸನ್ 'ನ್ಯೂ ಸ್ಟೇಟ್ಸ್‌ಮನ್' ಪತ್ರಿಕೆಯಲ್ಲಿ ಬೀಟಲ್ಸ್ ಅಭಿಮಾನಿಗಳನ್ನು ಆ ಪೀಳಿಗೆಯ ಮಂದಮತಿಗಳು, ಸೋತವರು ಎಂಬಂತೆ ಬರೆದರು. ಆ ಸಂಗೀತ ಈಗ ವಿಶ್ವವಿದ್ಯಾಲಯಗಳ ಪಠ್ಯದಲ್ಲಿದೆ. ಹುಡುಗಿಯರ ಕಿವಿಯನ್ನು ಅನುಮಾನಿಸುವವರು ಹುಡುಗಿಯರ ದುಡಿಮೆಯನ್ನಂತೂ ನೋಡುವುದೇ ಇಲ್ಲ ಎಂಬುದು ನನ್ನ ತಕರಾರು.

ಇಂಟರ್‌ನೆಟ್ ಬಂದ ಮೇಲೆ ಈ ದುಡಿಮೆಗೆ ಲೆಕ್ಕಪುಸ್ತಕ ಬಂತು. ಯಾವ ಊರಿನ ಎಷ್ಟು ವಯಸ್ಸಿನ ಹುಡುಗಿ ಯಾವ ಹಾಡನ್ನು ಎಷ್ಟು ಸಲ ಕೇಳಿದಳು ಎಂಬುದನ್ನು ಊಹಿಸಬೇಕಿಲ್ಲ, ಅಭಿಮಾನಿ ಸಂಘದ ಜಾಲತಾಣದಲ್ಲಿ ಅವಳೇ ಬರೆದುಕೊಡುತ್ತಾಳೆ. 13 ವರ್ಷದೊಳಗಿನ ಮಕ್ಕಳ ವಿವರ ಪಡೆಯಲು ಪೋಷಕರ ಒಪ್ಪಿಗೆ ಬೇಕೆಂದು ಅಮೆರಿಕ 1998ರಲ್ಲೇ ಕಾಯ್ದೆ ಮಾಡಿದೆ. 2012ರಲ್ಲಿ ಜಸ್ಟಿನ್ ಬೀಬರ್, ರಿಹಾನಾ, ಸೆಲೆನಾ ಗೊಮೆಜ್, ಡೆಮಿ ಲೊವಾಟೊ ಅಭಿಮಾನಿಗಳ ತಾಣ ನಡೆಸುತ್ತಿದ್ದ ಆರ್ಟಿಸ್ಟ್ ಅರೀನಾ ಎಂಬ ಕಂಪನಿ, ಇಂಥ ಒಪ್ಪಿಗೆ ಇಲ್ಲದೆ ಮಕ್ಕಳನ್ನು ನೋಂದಾಯಿಸಿಕೊಂಡ ಆರೋಪಕ್ಕೆ 10 ಲಕ್ಷ ಡಾಲರ್ ದಂಡ ತೆತ್ತಿತು. 13 ತುಂಬಿದ ಮರುದಿನ ಆ ರಕ್ಷಣೆ ಇಲ್ಲ. ಹೈಸ್ಕೂಲಿನ ವಯಸ್ಸು ಶುರುವಾಗುವುದೇ ಆಗ!

ಈಗಿನ ಆಟ ಇನ್ನೂ ನಯವಾದದ್ದು. 2017ರಲ್ಲಿ ಟೇಲರ್ ಸ್ವಿಫ್ಟ್ ಕಛೇರಿಗಳ ಟಿಕೆಟ್ ಸರದಿಯಲ್ಲಿ ಮುಂದೆ ಹೋಗಲು ಅಭಿಮಾನಿಗಳಿಗೆ ಕೆಲಸಗಳನ್ನು ಹಚ್ಚಿದ್ದರು: ವಿಡಿಯೋ ನೋಡಿ, ಹೊಸ ಆಲ್ಬಮ್ ಮುಂಗಡವಾಗಿ ಕೊಳ್ಳಿ, ಮತ್ತೆ ಕೊಳ್ಳಿ. 2022ರ 'ಮಿಡ್‌ನೈಟ್ಸ್' ಆಲ್ಬಮ್ಮಿನ ಎಲ್‌ಪಿ ರೆಕಾರ್ಡು ನಾಲ್ಕು ಬಗೆಯ ಹೊದಿಕೆಯಲ್ಲಿ ಬಂತು. ನಾಲ್ಕರ ಬೆನ್ನನ್ನೂ ಜೋಡಿಸಿದರೆ ಒಂದು ಗಡಿಯಾರವಾಗುತ್ತದೆ. ಮುಳ್ಳಿಗೆ ಬೇರೆ ಕಾಸು. ಹಾಡು ನಾಲ್ಕರಲ್ಲೂ ಅವೇ. ಅಭಿಮಾನಿಗಳ ಜೊತೆ ಸ್ವಿಫ್ಟ್ ಅವರ ಒಡನಾಟ ಬರೀ ನಾಟಕವೆಂದು ನನಗನ್ನಿಸುವುದಿಲ್ಲ. ಶುರುವಿನ ದಿನಗಳಲ್ಲಿ ತಾವೇ ಕೂತು ಅಭಿಮಾನಿಗಳಿಗೆ ಉತ್ತರ ಬರೆದವರು ಅವರು. ಆದರೆ ಪ್ರೀತಿ ನಿಜವಾದಷ್ಟೂ ಗಡಿಯಾರ ಚೆನ್ನಾಗಿ ಮಾರಾಟವಾಗುತ್ತದೆ.

ಕೊರಿಯಾದವರು ಇದನ್ನು ಗಣಿತಕ್ಕೆ ಇಳಿಸಿದ್ದಾರೆ. ಗರ್ಲ್ಸ್ ಜನರೇಷನ್ ತಂಡದ 2010ರ ಆಲ್ಬಮ್ಮಿನಲ್ಲಿ, ಗಾಯಕಿಯರಲ್ಲಿ ಯಾರಾದರೊಬ್ಬರ ಚಿತ್ರವಿರುವ ಪುಟ್ಟ ಕಾರ್ಡು ಇಟ್ಟಿದ್ದರು. ಅದೇ ಈಗಿನ ಫೋಟೋಕಾರ್ಡಿನ ಮೂಲ. ಯಾರ ಕಾರ್ಡು ಬರುತ್ತದೆಂದು ಪೊಟ್ಟಣ ಒಡೆಯುವ ತನಕ ತಿಳಿಯದು. ಏಳು ಜನರ ತಂಡ, ಆಲ್ಬಮ್ಮಿಗೊಂದು ಕಾರ್ಡು, ಎಲ್ಲರದೂ ಸಮಾನ ಸಂಖ್ಯೆ ಎಂದಿಟ್ಟುಕೊಳ್ಳಿ. ಮೆಚ್ಚಿನ ಒಬ್ಬನ ಕಾರ್ಡು ಸಿಗಲು ಸರಾಸರಿ ಏಳು ಆಲ್ಬಮ್ ಕೊಳ್ಳಬೇಕು, ಏಳೂ ಜನರದ್ದು ಸೇರಿಸಲು ಸರಾಸರಿ 18. ಪಿಯುಸಿ ಓದಿದವರು ಸಂಭವನೀಯತೆಯ ಲೆಕ್ಕ ಹಾಕಿ ನೋಡಬಹುದು. ಆಲ್ಬಮ್ಮಿಗೆ ಮೂರು ಬಗೆಯ ಹೊದಿಕೆ ತಂದು ಒಂದೊಂದಕ್ಕೂ ಬೇರೆ ಕಾರ್ಡು ಮಾಡಿದರೆ ಲೆಕ್ಕ ಎಲ್ಲಿಗೆ ಮುಟ್ಟುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಇದರ ಮೇಲೆ, ಗಾಯಕರು ಎದುರು ಕೂತು ಸಹಿ ಹಾಕಿಕೊಡುವ ಕಾರ್ಯಕ್ರಮಕ್ಕೆ ಲಾಟರಿ. ಆಲ್ಬಮ್ ಹೆಚ್ಚು ಕೊಂಡಷ್ಟೂ ಹೆಚ್ಚು ಚೀಟಿ. 2024ರಲ್ಲಿ ಸೆವೆಂಟೀನ್ ಎಂಬ ಕೊರಿಯನ್ ತಂಡದ ಆಲ್ಬಮ್ಮುಗಳು ಟೋಕಿಯೋದ ಶಿಬುಯಾದ ರಸ್ತೆಬದಿಯಲ್ಲಿ ಪೆಟ್ಟಿಗೆಗಟ್ಟಲೆ ಬಿದ್ದಿದ್ದ ಚಿತ್ರಗಳು ಹರಿದಾಡಿದವು. ಕಾರ್ಡು, ಚೀಟಿ ತೆಗೆದುಕೊಂಡ ಮೇಲೆ ಸಿಡಿ ಯಾರಿಗೆ ಬೇಕು?

ಸಾಮಾನ್ಯ ಶಾಲಾ ಹುಡುಗಿ ಹದಿನೆಂಟು ಆಲ್ಬಮ್ ಕೊಳ್ಳಲಾರಳು. ಅದಕ್ಕೇ ಅವಳು ಬದಲಿ ಮಾಡಿಕೊಳ್ಳುತ್ತಾಳೆ. ಕೊರಿಯಾದ ಬಿಟಿಎಸ್ ತಂಡದ ಕಾರ್ಡುಗಳಾದರೆ, ನನ್ನ ಬಳಿ ಜಿಮಿನ್ ಎರಡಿದ್ದಾನೆ, ನಿನ್ನ ಬಳಿ ಸುಗಾ ಇದ್ದರೆ ಕೊಡು. ಇಂಥ ವಿನಿಮಯ ಬೆಂಗಳೂರಿನ ಶಾಲೆ ಕಾಲೇಜುಗಳಲ್ಲೂ ನಡೆಯುತ್ತದೆ. ಬಿಟಿಎಸ್ ಹಾಡಿನ ಕೊರಿಯನ್ ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳುವ ಹುಡುಗಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಈ ತಂಡದ ಮಾಲೀಕ ಸಂಸ್ಥೆ ಹೈಬ್ 2025ರಲ್ಲಿ ಮುಂಬೈಯಲ್ಲಿ ತನ್ನ ಭಾರತ ಶಾಖೆ ತೆರೆದಿದೆ. ಅಲ್ಲಿಯವರೆಗೆ ಅದು ಭಾರತದಲ್ಲಿ ಅಂಥ ಪ್ರಚಾರವನ್ನೇನೂ ಮಾಡಿರಲಿಲ್ಲ, ಮಾಡುವ ಅಗತ್ಯವೂ ಇರಲಿಲ್ಲ.

ಮಕ್ಕಳಿಗೆ ಪ್ರಚಾರ ಮಾಡುವ ವಿಚಾರದಲ್ಲಿ ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಮೆರಿಕದ 1998ರ ಕಾಯ್ದೆಗಿಂತ ಬಿಗಿಯಾಗಿದೆ. 18 ತುಂಬದವರೆಲ್ಲ ಅದರ ಪ್ರಕಾರ ಮಕ್ಕಳೇ. ಅವರ ವಿವರ ಪಡೆಯಲು ಪೋಷಕರ ಒಪ್ಪಿಗೆ ಬೇಕು, ಅವರ ಬೆನ್ನು ಹತ್ತಿ ನಡವಳಿಕೆ ಗಮನಿಸುವಂತಿಲ್ಲ, ಅವರಿಗೆಂದೇ ಗುರಿಯಿಟ್ಟ ಜಾಹೀರಾತು ತೋರಿಸುವಂತಿಲ್ಲ. ಒಳ್ಳೆಯದೇ. ಆದರೆ ಈ ಕಾಯ್ದೆ ಕಣ್ಣಿಟ್ಟಿರುವುದು ಕಂಪನಿ ಹುಡುಗಿಗೆ ಹೇಳುವ ಮಾತಿನ ಮೇಲೆ. ಹುಡುಗಿ ಗೆಳತಿಗೆ ಹೇಳುವುದು ಅದರ ಲೆಕ್ಕಕ್ಕೆ ಬರುವುದಿಲ್ಲ, ಬರಬೇಕೆಂದೂ ಯಾರೂ ಕೇಳಲಾರರು.

ಹೇಳುವುದಷ್ಟೇ ಅಲ್ಲ, ತರಿಸಿ ಹಂಚುವುದೂ ಹುಡುಗಿಯ ಪಾಲಿಗೇ. ಕೊರಿಯಾದಿಂದ ಒಂದೇ ಆಲ್ಬಮ್ ತರಿಸಿದರೆ ಅಂಚೆ ವೆಚ್ಚ, ಕಸ್ಟಮ್ಸ್ ಸುಂಕ ಸೇರಿ ಬೆಲೆ ಕೈಗೆಟುಕುವುದಿಲ್ಲ. ಹಾಗಾಗಿ ಭಾರತದ ಅಭಿಮಾನಿಗಳು ಗ್ರೂಪ್ ಆರ್ಡರ್ ಮಾಡುತ್ತಾರೆ, ಅವರ ಬಾಯಲ್ಲಿ ಅದು 'ಜಿಓ'. ಒಬ್ಬಳು ಮುಂದೆ ನಿಂತು ಇನ್‌ಸ್ಟಾಗ್ರಾಮ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಹೆಸರು ಬರೆದುಕೊಳ್ಳುತ್ತಾಳೆ, ಯುಪಿಐಯಲ್ಲಿ ಹಣ ಪಡೆಯುತ್ತಾಳೆ, ಸುಂಕ ಕಟ್ಟುತ್ತಾಳೆ. ಪೆಟ್ಟಿಗೆ ಬಂದ ಮೇಲೆ ಬಿಚ್ಚಿ, ಯಾರಿಗೆ ಯಾವ ಕಾರ್ಡು ಎಂದು ವಿಂಗಡಿಸಿ, ಬಬಲ್ ರ‍್ಯಾಪ್ ಸುತ್ತಿ, ಹುಬ್ಬಳ್ಳಿಗೊಂದು ಮಂಗಳೂರಿಗೊಂದು ಕೊರಿಯರ್ ಮಾಡುತ್ತಾಳೆ. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಎಲ್ಲರ ಬೈಗುಳವೂ ಅವಳಿಗೇ. ಆಮದುದಾರ, ಸಗಟು ವ್ಯಾಪಾರಿ, ಗೋದಾಮಿನ ಆಳು, ಗ್ರಾಹಕ ಸೇವಾ ಕೇಂದ್ರ, ನಾಲ್ಕೂ ಅವಳೇ. ಎಷ್ಟೋ ಕಡೆ ಅವಳಿಗಿನ್ನೂ ಪಿಯು ಪರೀಕ್ಷೆ ಮುಗಿದಿರುವುದಿಲ್ಲ. ಕಂಪನಿಯ ಸಂಬಳದ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಆ ಪೆಟ್ಟಿಗೆಯಲ್ಲಿ ತನ್ನದೂ ಒಂದು ಆಲ್ಬಮ್ ಇದ್ದರೆ ಅದಕ್ಕೆ ಅವಳು ಪೂರ್ತಿ ಬೆಲೆಯನ್ನೇ ಕೊಟ್ಟಿರುತ್ತಾಳೆ.